ದನದ ಮಾಂಸ ಬೆರೆಸಿ ಹುರಿದ ಶಾವಿಗೆ: ಚೀನೀ ಅಡುಗೆಯ ಇತಿಹಾಸದಲ್ಲಿ ಒಂದು ಸಮಸ್ಯೆ

ಗೋಧಿಹಿಟ್ಟಿನ ಶಾವಿಗೆ, ತೆಳ್ಳಗೆ ಹೆಚ್ಚಿದ ದನದ ಮಾಂಸ, ನಾಲ್ಕಾರು ಬಗೆಯ ತರಕಾರಿ, ಸ್ವಲ್ಪ ಶುಂಠಿ ಬೆಳ್ಳುಳ್ಳಿ, ಸೋಯಾ ರಸ: ಇವಿಷ್ಟನ್ನು ಚೆನ್ನಾಗಿ ಕಾದ ಬಾಣಲೆಯಲ್ಲಿ ಹತ್ತು ನಿಮಿಷದೊಳಗೆ ಹುರಿದು ಬಡಿಸುವ ತಿನಿಸೊಂದು ಇಂದು ಅಮೆರಿಕ ಸಂಯುಕ್ತ ಸಂಸ್ಥಾನ, ಪೆರು, ಆಸ್ಟ್ರೇಲಿಯ ಮೊದಲಾದ ದೇಶಗಳ ಸಾಧಾರಣ ಸಂಸಾರಗಳಲ್ಲಿ ವಾರದ ದಿನದ ಊಟವಾಗಿದೆ. ಇದನ್ನು ಚೀನೀ ಅಡುಗೆಯೆಂದು ಕರೆಯುವುದು ರೂಢಿ. ಪಾಕಪುಸ್ತಕಗಳ ಮುನ್ನುಡಿಗಳಂತೂ ಇದಕ್ಕೆ ಸಹಸ್ರಾರು ವರ್ಷಗಳ ಪರಂಪರೆಯನ್ನು ಧಾರಾಳವಾಗಿ ದಯಪಾಲಿಸುತ್ತವೆ. ಆದರೆ ಚೀನಾದೇಶದ ಪ್ರಾಚೀನ ನ್ಯಾಯಸಂಹಿತೆಗಳನ್ನು ತೆರೆದು ನೋಡಿದವರಿಗೆ ಇಲ್ಲಿ ಒಂದು ಸಮಸ್ಯೆ ಎದುರಾಗದೆ ಇರದು. ಎತ್ತನ್ನು ಕೊಂದವನನ್ನು ಸಾವಿರ ವರ್ಷಕ್ಕೂ ಮೇಲ್ಪಟ್ಟು ದಂಡಿಸುತ್ತ ಬಂದ ಒಂದು ರಾಜ್ಯದ ಹೆಸರಿನಲ್ಲಿ, ದನದ ಮಾಂಸವೇ ಮುಖ್ಯವಾದ ತಿನಿಸೊಂದು ಜಗತ್ತಿನ ಅಡುಗೆಮನೆಗಳನ್ನು ಸೇರಿದುದು ಹೇಗೆ? ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಪರಿಭಾಷೆಯ ಬಗೆಗೆ ಎರಡು ಮಾತು. ಇಂಗ್ಲಿಷಿನಲ್ಲಿ ನೂಡಲ್ಸ್ ಎನ್ನುವುದನ್ನು ನಾವಿಲ್ಲಿ ಶಾವಿಗೆಯೆಂದೇ ಕರೆದಿದ್ದೇವೆ. ಹಿಟ್ಟನ್ನು ಎಳೆಯಾಗಿಸುವ ಕೆಲಸ ಕನ್ನಡಿಗರಿಗೆ ಹೊಸದಲ್ಲ. ಚೀನೀ ಭಾಷೆಯ 'ನಿಯು' ಎಂಬ ಪದವು ಹಸು, ಎತ್ತು, ಎಮ್ಮೆ, ಕೋಣ ಎಲ್ಲಕ್ಕೂ ಸಲ್ಲುತ್ತದೆ. ಹಳದಿ ದನ, ನೀರಿನ ದನ ಎಂಬ ವಿಶೇಷಣಗಳಿಂದ ಮಾತ್ರ ಅವುಗಳನ್ನು ಬೇರ್ಪಡಿಸುತ್ತಾರೆ. ಗದ್ದೆಗಳ ದಕ್ಷಿಣ ಚೀನಾದಲ್ಲಿ 'ನಿಯು' ಎಂದರೆ ಬಹುಮಟ್ಟಿಗೆ ಉಳುವ ಕೋಣವೇ. ಆದಕಾರಣ 'ಗೋಮಾಂಸ' ಎಂಬ ಪದಕ್ಕೆ ನಮ್ಮಲ್ಲಿರುವ ಅರ್ಥಚ್ಛಾಯೆಗಳನ್ನು ಅಲ್ಲಿಗೆ ಕೊಂಡೊಯ್ಯದಿರುವುದು ಲೇಸೆಂದು ಭಾವಿಸಿ 'ದನದ ಮಾಂಸ' ಎಂದು ಬಳಸಿದ್ದೇವೆ. ಇನ್ನೊಂದು ಸಂಗತಿಯೂ ಗಮನಾರ್ಹ. ಚೀನೀಯರು ವಿಶೇಷಣವಿಲ್ಲದೆ 'ರೋ', ಅಂದರೆ ಮಾಂಸ, ಎಂದರೆ ಅದು ಹಂದಿಯ ಮಾಂಸ. ಉಳಿದುವುಗಳಿಗೆ ಮಾತ್ರ ಪ್ರಾಣಿಯ ಹೆಸರನ್ನು ಸೇರಿಸಿ ಹೇಳಬೇಕು. ಯಾವುದು ನಿತ್ಯದ ಮಾಂಸ, ಯಾವುದು ಅಪರೂಪದ್ದು ಎಂಬುದಕ್ಕೆ ಭಾಷೆಯೇ ಸಾಕ್ಷಿ ಹೇಳುತ್ತದೆ.

ಶಾವಿಗೆಯ ಪ್ರಾಚೀನತೆಯಲ್ಲಿ ಸಂದೇಹವಿಲ್ಲ. ಹಳದಿ ನದಿಯ ಮೇಲ್ದಂಡೆಯಲ್ಲಿರುವ ಚಿಂಗ್‌ಹೈ ಪ್ರಾಂತದ ಲಾಜಿಯಾ ಎಂಬಲ್ಲಿ, ಭೂಕಂಪ ಪ್ರವಾಹಗಳಿಂದ ಹೂತುಹೋದ ಹಳ್ಳಿಯೊಂದರ ಉತ್ಖನನದಲ್ಲಿ, ಕವುಚಿಬಿದ್ದ ಮಣ್ಣಿನ ಬಟ್ಟಲಿನ ಅಡಿಯಲ್ಲಿ ಎಳೆಎಳೆಯಾದ ಆಹಾರವೊಂದು ದೊರೆಯಿತು. ಅದರ ವಿಶ್ಲೇಷಣೆಯನ್ನು ಚೀನೀ ವಿದ್ವಾಂಸರು 2005ರಲ್ಲಿ ಪ್ರಕಟಿಸಿದರು. ಸುಮಾರು 4000 ವರ್ಷಗಳಷ್ಟು ಹಳೆಯದಾದ ಈ ಎಳೆಗಳು 3 ಮಿಲಿಮೀಟರ್ ದಪ್ಪ, ಅರ್ಧ ಮೀಟರಿಗೂ ಮೀರಿ ಉದ್ದವಾಗಿದ್ದವು. ಅವು ಗೋಧಿಯವಲ್ಲ, ನವಣೆ ಮತ್ತು ಬರಗಿನವು ಎಂದು ಅವರು ನಿರ್ಣಯಿಸಿದರು. ಅಂಟಿಲ್ಲದ ಈ ಧಾನ್ಯಗಳ ಹಿಟ್ಟನ್ನು ಕೈಯಿಂದ ಹಾಗೆ ಎಳೆಯಲಾಗದೆಂದು ಆಕ್ಷೇಪ ಬಂದುದೂ ಉಂಟು. ಬೇಯಿಸಿದ ಹಿಟ್ಟನ್ನು ತೂತುಗಳ ಮೂಲಕ ಒತ್ತಿ ತೆಗೆದಿರಬಹುದೆಂದು ಮುಂದಿನ ಪ್ರಯೋಗಗಳು ಸೂಚಿಸಿವೆ. ಮಲೆನಾಡಿನ ಒತ್ತು ಶಾವಿಗೆಯನ್ನು ಕಂಡವರಿಗೆ ಈ ಪರಿಹಾರ ಅಸಹಜವಾಗಿ ತೋರದು.

ಗೋಧಿಯ ಶಾವಿಗೆ ಇದಕ್ಕಿಂತ ಬಹಳ ಈಚಿನದು. ಹಾನ್ ವಂಶದ ಕಾಲದಲ್ಲಿ (ಕ್ರಿ. ಪೂ. 206ರಿಂದ ಕ್ರಿ. ಶ. 220) ಬೀಸುವ ಕಲ್ಲು ಹರಡಿದ ತರುವಾಯವೇ ಗೋಧಿಯನ್ನು ಹಿಟ್ಟುಮಾಡಿ ತಿನ್ನುವ ಪದ್ಧತಿ ಬಲಿಯಿತು. ಕ್ರಿ. ಶ. 300ರ ಸುಮಾರಿನಲ್ಲಿದ್ದ ಷೂ ಷಿ ಎಂಬ ಕವಿ ಹಿಟ್ಟಿನ ತಿನಿಸುಗಳನ್ನೇ ಕುರಿತು ಒಂದು ಕೃತಿಯನ್ನು ರಚಿಸಿದ್ದಾನೆ. ಆ ತಿನಿಸುಗಳಲ್ಲಿ ಕೆಲವುಗಳ ಹೆಸರು ಕೇರಿಗಳಲ್ಲಿ ಹುಟ್ಟಿತೆಂದೂ, ಕೆಲವನ್ನು ಮಾಡುವ ಕ್ರಮ ಪರಜನರಿಂದ ಬಂತೆಂದೂ ಅವನು ಸಂಕೋಚವಿಲ್ಲದೆ ಹೇಳುತ್ತಾನೆ. ಈಚಿನ ಪಾಕಪುಸ್ತಕಗಳ ಮುನ್ನುಡಿಕಾರರಿಗಿಂತ ಅವನ ಇತಿಹಾಸಪ್ರಜ್ಞೆ ಮೇಲಾದುದೆಂದು ನಮಗೆ ತೋರುತ್ತದೆ. ಆರನೆಯ ಶತಮಾನದಲ್ಲಿ ಜಿಯಾ ಸಿಶಿಯೆ ಬರೆದ 'ಚಿಮಿನ್ ಯಾವೋಷು' ಎಂಬ ಕೃಷಿಗ್ರಂಥದಲ್ಲಿ ಹಿಟ್ಟನ್ನು ಊಟದ ಕಡ್ಡಿಯಷ್ಟು ದಪ್ಪಕ್ಕೆ ಎಳೆದು, ಒಂದೊಂದು ಅಡಿಗೆ ತುಂಡರಿಸಿ, ನೀರಿನಲ್ಲಿಟ್ಟು ಎಲೆಯಂತೆ ತೆಳ್ಳಗೆ ಒತ್ತಿ ಬೇಯಿಸುವ ವಿಧಾನವಿದೆ. ಗಮನಿಸಬೇಕಾದುದೆಂದರೆ, ಇವೆಲ್ಲವೂ ನೀರಿನಲ್ಲಿ ಅಥವಾ ಸಾರಿನಲ್ಲಿ ಬೆಂದವು, ಹುರಿದವಲ್ಲ.

ಹುರಿಯುವ ಕ್ರಮಕ್ಕೆ ಚೀನೀಯರು 'ಚಾವೋ' ಎನ್ನುತ್ತಾರೆ. ನಮ್ಮಲ್ಲಿ ಹುರಿಯುವುದು, ಬಾಡಿಸುವುದು, ಕರಿಯುವುದು ಎಂದು ಮೂರು ಮಾತುಗಳಿವೆ. ಚಾವೋ ಇವುಗಳಲ್ಲಿ ಯಾವುದೂ ಪೂರ್ತಿಯಾಗಿ ಅಲ್ಲ. ಎಣ್ಣೆ ಸ್ವಲ್ಪ, ಉರಿ ತೀವ್ರ, ಪದಾರ್ಥ ಸಣ್ಣದು, ಕೈ ನಿಲ್ಲುವಂತಿಲ್ಲ. ಮೇಲೆ ಹೇಳಿದ ಜಿಯಾ ಸಿಶಿಯೆಯ ಗ್ರಂಥದಲ್ಲಿಯೇ ತಾಮ್ರದ ಪಾತ್ರೆಯಲ್ಲಿ ಮೊಟ್ಟೆಯನ್ನು ಕದಡಿ, ಈರುಳ್ಳಿಯ ಬಿಳಿಭಾಗ, ಉಪ್ಪು, ಹುಳಿಬರಿಸಿದ ಸೋಯಾ ಕಾಳು ಸೇರಿಸಿ ಎಳ್ಳೆಣ್ಣೆಯಲ್ಲಿ ಹುರಿಯುವುದನ್ನು ಈ ಪದದಿಂದಲೇ ವಿವರಿಸಿದೆ. ಆದರೂ ಈ ವಿಧಾನ ಜನಸಾಮಾನ್ಯವಾದುದು ಸುಂಗ್ ವಂಶದ ಕಾಲದಿಂದ (960–1279) ಈಚೆಗೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಕಬ್ಬಿಣದ ಉತ್ಪತ್ತಿ ಆಗ ಹೆಚ್ಚಿತು, ಎಣ್ಣೆಯ ಬಳಕೆ ಬೆಳೆಯಿತು, ಕೈಫೆಂಗ್ ಮತ್ತು ಹಾಂಗ್‌ಝೌ ನಗರಗಳಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ಗಿರಾಕಿಗೆ ಬೇಗ ಬಡಿಸಬೇಕಾದ ಊಟದಂಗಡಿಗಳು ತುಂಬಿದವು. ಕೈಫೆಂಗಿನ ಗತವೈಭವವನ್ನು ನೆನೆದು ಮೆಂಗ್ ಯುವಾನ್‌ಲಾವೋ 1147ರಲ್ಲಿ ಬರೆದ ಗ್ರಂಥದಲ್ಲಿ ಇಂಥ ಅಂಗಡಿಗಳ ಗಲಭೆಯೇ ಕೇಳಿಸುತ್ತದೆ. ಸೌದೆಯ ಅಭಾವವನ್ನೂ ಒಂದು ಕಾರಣವಾಗಿ ಹೇಳುತ್ತಾರೆ. ಕಾಡು ಕಡಿದು ಹೊಲಮಾಡಿದ ನಾಡಿನಲ್ಲಿ ಪದಾರ್ಥವನ್ನು ಕತ್ತಿಯಿಂದ ಸಣ್ಣಗೆ ಮಾಡಿದಷ್ಟೂ ಬೆಂಕಿಯ ಖರ್ಚು ಕಡಿಮೆ. ಮನುಷ್ಯನ ದುಡಿಮೆ ಅಗ್ಗ, ಉರುವಲು ದುಬಾರಿ ಎನ್ನುವ ಸಮಾಜದ ಅಡುಗೆ ಇದು.

ಇಂದು ಮನೆಗಳಲ್ಲಿ ಈ ತಿನಿಸನ್ನು ಮಾಡುವ ಕ್ರಮವನ್ನು ಇಲ್ಲಿ ಕೊಂಚ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಅದರ ಒಂದೊಂದು ಹಂತವೂ ಒಂದೊಂದು ಆಕರವೆಂದು ನಮ್ಮ ಭಾವನೆ. ನಾಲ್ವರಿಗೆ ಸುಮಾರು 300 ಗ್ರಾಂ ಕೊಬ್ಬಿಲ್ಲದ ಮಾಂಸ ಸಾಕು. ಅದನ್ನು ಮಾಂಸದ ನಾರಿಗೆ ಅಡ್ಡಲಾಗಿ, 3 ಮಿಲಿಮೀಟರಿಗೆ ಮೀರದ ದಪ್ಪಕ್ಕೆ ಹೆಚ್ಚಬೇಕು. ನಾರಿನ ಉದ್ದಕ್ಕೇ ಹೆಚ್ಚಿದರೆ ಎಷ್ಟು ಅಗಿದರೂ ಮುಗಿಯದು. ಹೆಚ್ಚಿದ ಹೋಳುಗಳಿಗೆ ಒಂದೆರಡು ಚಮಚ ಸೋಯಾ ರಸ, ಒಂದು ಚಮಚ ಗಂಜಿಹಿಟ್ಟು, ಸ್ವಲ್ಪ ಎಣ್ಣೆ ಹಚ್ಚಿ ಕಾಲು ಗಂಟೆ ಇಡುತ್ತಾರೆ. ಹಿಟ್ಟಿನ ಲೇಪ ಮಾಂಸದ ರಸ ಹೊರಗೆ ಹರಿಯದಂತೆ ತಡೆದು ಅದನ್ನು ಮೃದುವಾಗಿ ಇಡುತ್ತದೆ. ಶಾವಿಗೆಯನ್ನು ಪೂರ್ತಿ ಬೇಯುವ ಮುನ್ನವೇ ಇಳಿಸಿ, ತಣ್ಣೀರಿನಲ್ಲಿ ತೊಳೆದು, ಚೆನ್ನಾಗಿ ಬಸಿದು, ಅಂಟದಂತೆ ಎಣ್ಣೆ ಸವರಬೇಕು. ನೀರು ಉಳಿದ ಶಾವಿಗೆ ಬಾಣಲೆಯಲ್ಲಿ ಹುರಿಯದೆ ಬೇಯತೊಡಗಿ ಮುದ್ದೆಯಾಗುತ್ತದೆ. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಮೊದಲು ಮಾಂಸ. ಅದನ್ನು ಒಂದೇ ಪದರವಾಗಿ ಹರಡಿ, ಒಂದೆರಡು ನಿಮಿಷ ಹುರಿದು, ಒಳಗೆ ಇನ್ನೂ ಸ್ವಲ್ಪ ಕೆಂಪಿರುವಾಗಲೇ ತೆಗೆದಿಡುವುದು. ಬಳಿಕ ಶುಂಠಿ ಬೆಳ್ಳುಳ್ಳಿ, ಆಮೇಲೆ ತರಕಾರಿಗಳು. ಕ್ಯಾರೆಟ್ಟು, ಕೋಸಿನ ದಂಟಿನಂಥ ಗಟ್ಟಿಯಾದವು ಮುಂಚೆ, ಎಲೆಗಳೂ ಮೊಳಕೆಕಾಳೂ ಕೊನೆಗೆ. ತರುವಾಯ ಶಾವಿಗೆ, ಮತ್ತೆ ಮಾಂಸ, ಇನ್ನಷ್ಟು ಸೋಯಾ ರಸ. ಒಂದು ನಿಮಿಷ ತಿರುವಿ ಇಳಿಸುವುದು. ಮನೆಯ ಒಲೆಗೆ ಅಂಗಡಿಯ ಒಲೆಯ ಉರಿಯಿಲ್ಲ. ಆದುದರಿಂದ ಎಲ್ಲವನ್ನೂ ಒಮ್ಮೆಲೇ ಸುರಿದರೆ ಬಾಣಲೆ ತಣ್ಣಗಾಗಿ ಮಾಂಸ ತನ್ನ ನೀರಿನಲ್ಲಿಯೇ ಬೇಯುತ್ತದೆ. ಇಬ್ಬಿಬ್ಬರಿಗಾಗುವಷ್ಟನ್ನು ಎರಡು ಸಲ ಮಾಡುವುದೇ ಜಾಣತನ.

ತೆಳ್ಳಗೆ ಹೆಚ್ಚುವುದು, ಹಿಟ್ಟು ಸವರುವುದು ಎಂಬ ಉಪಾಯಗಳು ಹಂದಿ, ಕೋಳಿಗಳ ಮಾಂಸಕ್ಕೂ ಅನ್ವಯಿಸುತ್ತವೆ. ಆದರೆ ದನದ ಮಾಂಸಕ್ಕೆ ಅವು ಅನಿವಾರ್ಯ. ಚೀನಾದಲ್ಲಿ ಕಟುಕನ ಕೈಗೆ ಸಿಗುತ್ತಿದ್ದುದು ತಿನ್ನಲೆಂದು ಸಾಕಿದ ಕರುವಲ್ಲ. ವರ್ಷಗಟ್ಟಲೆ ನೊಗಕ್ಕೆ ಹೆಗಲು ಕೊಟ್ಟು ಕೆಲಸಕ್ಕೆ ಬಾರದಾದ ಮುದಿ ಪಶು. ಅದೂ ಕಾನೂನಿನ ಕಣ್ಣುತಪ್ಪಿಸಿ.

ಈ ಕಾನೂನಿನ ಸ್ವರೂಪವನ್ನು ಈಗ ನೋಡೋಣ. ಕಾರಣವಿಲ್ಲದೆ ಸಾಮಂತನೂ ಎತ್ತನ್ನು ಕೊಲ್ಲಬಾರದೆಂಬ ವಿಧಿ ಪ್ರಾಚೀನ ಆಚಾರಗ್ರಂಥವಾದ 'ಲೀಜಿ'ಯಲ್ಲಿಯೇ ಇದೆ. ಅಲ್ಲಿ ಕಾರಣವೆಂದರೆ ಬಲಿ. ಕ್ರಿ. ಶ. 653ರ ತಾಂಗ್ ಸಂಹಿತೆ ಇದನ್ನು ದಂಡನೆಯ ಭಾಷೆಗೆ ಇಳಿಸಿತು. ಸರಕಾರದ ಅಥವಾ ಪರರ ಕುದುರೆಯನ್ನಾಗಲಿ ಎತ್ತನ್ನಾಗಲಿ ಬುದ್ಧಿಪೂರ್ವಕ ಕೊಂದವನಿಗೆ ಒಂದೂವರೆ ವರ್ಷದ ಕಠಿನ ದುಡಿಮೆ. ತನ್ನದೇ ಪಶುವನ್ನು ಕೊಂದರೂ ಒಂದು ವರ್ಷ. ಮಿಂಗ್ ವಂಶದ (1368–1644) ಸಂಹಿತೆಯಲ್ಲಿ ಸ್ವಂತದ ಕುದುರೆ ಅಥವಾ ಎತ್ತನ್ನು ಗುಟ್ಟಾಗಿ ಕಡಿದವನಿಗೆ ದಪ್ಪ ಬೆತ್ತದಿಂದ 100 ಏಟು. ರೋಗದಿಂದ ಸತ್ತ ಪಶುವನ್ನು ಕೂಡ ಅಧಿಕಾರಿಗೆ ತಿಳಿಸದೆ ಸುಲಿದರೆ 40 ಏಟು. ಅದರ ನರ, ಕೊಂಬು, ಚರ್ಮಗಳು ಸರಕಾರದ ಪಾಲು. ನರ ಕೊಂಬುಗಳ ಮೇಲೆ ರಾಜ್ಯಕ್ಕೆ ಇಷ್ಟು ಕಣ್ಣೇಕೆಂದರೆ ಬಿಲ್ಲುಗಳನ್ನು ಮಾಡುತ್ತಿದ್ದುದು ಅವುಗಳಿಂದ. ಕುದುರೆ ಎತ್ತುಗಳನ್ನು ಒಂದೇ ಕಲಮಿನಲ್ಲಿ ಸೇರಿಸಿರುವುದನ್ನೂ ಗಮನಿಸಬೇಕು. ಒಂದು ಯುದ್ಧಕ್ಕೆ, ಮತ್ತೊಂದು ಉಳುಮೆಗೆ. ಒಟ್ಟಿನಲ್ಲಿ ಈ ಶಾಸನದ ಮೂಲದಲ್ಲಿದ್ದುದು ಪೂಜ್ಯತೆಯಲ್ಲ, ಕಂದಾಯ ಮತ್ತು ಸೈನ್ಯದ ಚಿಂತೆ.

ಪೂಜ್ಯತೆ ಬಂದುದು ಅನಂತರ. ವಿನ್ಸೆಂಟ್ ಗೂಸಾರ್ ಎಂಬ ಫ್ರೆಂಚ್ ವಿದ್ವಾಂಸರು ಈ ವಿಷಯವನ್ನೇ ಕುರಿತು 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಂಗ್ ಕಾಲದ ಆಸುಪಾಸಿನಿಂದ ದನದ ಮಾಂಸದ ವರ್ಜನೆ ಜನತೆಯ ಧಾರ್ಮಿಕ ನೀತಿಯಾಗಿ ಬೆಳೆದುದನ್ನು ತೋರಿಸಿದ್ದಾರೆ. ನಮಗಾಗಿ ದುಡಿದುದನ್ನು ತಿನ್ನುವುದು ಕೃತಘ್ನತೆ ಎಂಬುದು ಆ ನೀತಿಯ ತಿರುಳು. ಹಂದಿಯ ಮಾಂಸವನ್ನು ಎಗ್ಗಿಲ್ಲದೆ ತಿನ್ನುವವರೂ ದನದ ಮಾಂಸವನ್ನು ಬಿಟ್ಟವರೆಂದು ಹೆಮ್ಮೆಪಡುತ್ತಿದ್ದರು. ಅದೇ ವೇಳೆಗೆ ರಾಜ್ಯದ ಮಹಾಬಲಿಗಳಲ್ಲಿ, ಕನ್‌ಫ್ಯೂಷಿಯಸನ ಆಲಯದಲ್ಲಿ ಕೂಡ, ಎತ್ತಿನ ಬಲಿ ಅವ್ಯಾಹತವಾಗಿ ನಡೆದಿತ್ತು. ನಮ್ಮ ವಾಚಕರಿಗೆ ಇಲ್ಲಿ ಭಾರತದ ಗೋರಕ್ಷಣೆಯ ನೆನಪಾಗುವುದು ಸಹಜ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ನಮ್ಮ ವೀರಗಲ್ಲುಗಳ ಮೇಲಿನ ತುರುಗಾಳಗದಲ್ಲಿ ವೀರರು ಮಡಿದುದು ಹಾಲಿನ, ಐಶ್ವರ್ಯದ ತುರುವಿಗಾಗಿ. ಹಾಲು ಬೆಣ್ಣೆಗಳ ಬಳಕೆ ಅಷ್ಟಾಗಿಲ್ಲದ ಚೀನೀ ರೈತನಿಗೆ ದನವೆಂದರೆ ನೇಗಿಲು.

ನಿಷೇಧವನ್ನು ಮತ್ತೆ ಮತ್ತೆ ಸಾರಬೇಕಾಯಿತೆಂದರೆ ಅದನ್ನು ಮುರಿಯುವವರೂ ಇದ್ದರೆಂದು ಅರ್ಥ. ಇದು ಶಾಸನಗಳನ್ನು ಓದುವ ಇತಿಹಾಸಕಾರನಿಗೆ ಮೊದಲ ಪಾಠ. 'ನೀರಂಚು' ಎಂದು ಕನ್ನಡಿಸಬಹುದಾದ ಪ್ರಸಿದ್ಧ ಕಾದಂಬರಿಯ ದರೋಡೆಕಾರ ವೀರರು ಹೆಂಡದಂಗಡಿಗಳಲ್ಲಿ ಬೇಯಿಸಿದ ದನದ ಮಾಂಸವನ್ನು ತೂಕದಲ್ಲಿ ತರಿಸಿಕೊಂಡು ತಿನ್ನುತ್ತಾರೆ. ರಾಜಾಜ್ಞೆಯನ್ನು ಲೆಕ್ಕಿಸದವರೆಂದು ಸೂಚಿಸಲು ಲೇಖಕನಿಗೆ ಇದಕ್ಕಿಂತ ಸುಲಭವಾದ ಗುರುತು ಬೇರೆ ಬೇಕಿರಲಿಲ್ಲ. ಇಸ್ಲಾಂ ಧರ್ಮದ ಹುಯಿ ಜನ ಹಂದಿಯನ್ನು ಮುಟ್ಟದವರಾದುದರಿಂದ ಅವರಲ್ಲಿ ಕುರಿ, ದನಗಳ ಮಾಂಸವೇ ವಾಡಿಕೆ. ಲಾನ್‌ಝೌ ನಗರದ ಪ್ರಸಿದ್ಧ ಶಾವಿಗೆಯ ಸಾರು ಅವರದೇ ಕೊಡುಗೆ. ಅಲ್ಲಿಯೂ ಅದು ಸಾರು, ಹುರಿದುದಲ್ಲ. ಮಂಗೋಲರ ಆಸ್ಥಾನಕ್ಕಾಗಿ ಹು ಸಿಹುಯಿ 1330ರಲ್ಲಿ ಒಪ್ಪಿಸಿದ ಆಹಾರಗ್ರಂಥದಲ್ಲಿ ಕುರಿಮಾಂಸದ್ದೇ ಪ್ರಾಬಲ್ಯ. 1792ರಲ್ಲಿ ಪ್ರಕಟವಾದ ಯುವಾನ್ ಮೇಯ ಪಾಕಗ್ರಂಥ ದಕ್ಷಿಣದ ಶ್ರೀಮಂತರ ಅಡುಗೆಯ ಕನ್ನಡಿ. ಅದರಲ್ಲಿ ಹಂದಿಗೆ ಪ್ರತ್ಯೇಕವಾದ ದೊಡ್ಡ ಅಧ್ಯಾಯವಿದೆ. ದನವನ್ನು ಕುರಿ, ಜಿಂಕೆಗಳೊಡನೆ ಇತರ ಪ್ರಾಣಿಗಳ ಗುಂಪಿಗೆ ತಳ್ಳಿ, ಇವು ದಕ್ಷಿಣದವರ ಮನೆಗಳಲ್ಲಿ ಸದಾ ಇರುವ ವಸ್ತುಗಳಲ್ಲವೆಂದು ಹೇಳಿದೆ. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿಯೂ ದನದ ಮಾಂಸ ಚೀನೀ ಗೃಹಸ್ಥನ ಅಡುಗೆಮನೆಯ ಹೊಸ್ತಿಲ ಆಚೆಗೇ ಇತ್ತೆಂದು ಇದರಿಂದ ತಿಳಿಯಬಹುದು.

ಹೊಸ್ತಿಲು ದಾಟಲು ದಾರಿ ತೆರೆದುದು ಸಮುದ್ರದ ಕಡೆಯಿಂದ. 1757ರಿಂದ 1842ರ ವರೆಗೆ ಯೂರೋಪಿನ ಹಡಗುಗಳಿಗೆ ತೆರೆದಿದ್ದ ಒಂದೇ ಬಂದರು ಗುವಾಂಗ್‌ಝೌ, ಎಂದರೆ ಆಂಗ್ಲರ ಕ್ಯಾಂಟನ್. ಹುವಾಂಗ್‌ಪು ಲಂಗರಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತಿದ್ದ ಹಡಗುಗಳ ನಾವಿಕರು ದನದ ಮಾಂಸವನ್ನೇ ಕೇಳುವರು, ಸ್ಥಳೀಯ ದಲ್ಲಾಳಿಗಳು ಒದಗಿಸುವರು. 1842ರ ಅನಂತರ ಹಾಂಗ್‌ಕಾಂಗ್ ಬ್ರಿಟಿಷರ ವಶವಾಗಿ ಅಲ್ಲಿ ಚೀನೀ ಸಂಹಿತೆಯ ಬೆತ್ತದ ಭಯವೂ ಉಳಿಯಲಿಲ್ಲ. ಬಾಣಲೆಯೂ ಇದೇ ಪ್ರದೇಶದ್ದು. ಗುವಾಂಗ್‌ಝೌ ಬಳಿಯ ಫೋಷಾನ್ ಪಟ್ಟಣದ ಎರಕದ ಕಬ್ಬಿಣದ ಬಾಣಲೆಗಳು ಮಿಂಗ್ ಕಾಲದಿಂದ ಹೆಸರಾದವು. ವಿದೇಶೀ ಹಡಗುಗಳು ಅವನ್ನು ರಾಶಿರಾಶಿಯಾಗಿ ಕೊಂಡೊಯ್ಯುತ್ತಿವೆ, ಕಬ್ಬಿಣ ಹೀಗೆ ದೇಶದಿಂದ ಹೊರಹೋಗಬಾರದು ಎಂದು ಪ್ರಾಂತದ ಹಿರಿಯ ಅಧಿಕಾರಿಯೊಬ್ಬ 1731ರಲ್ಲಿ ಚಕ್ರವರ್ತಿಗೆ ಬಿನ್ನವಿಸಿಕೊಂಡಿದ್ದುಂಟು. ಇಂದು ಗುವಾಂಗ್‌ಝೌವಿನ ಹೆಮ್ಮೆಯೆನಿಸಿರುವ, ಅಕ್ಕಿಯ ಅಗಲ ಶಾವಿಗೆಯೊಡನೆ ದನದ ಮಾಂಸವನ್ನು ಹುರಿದ ತಿನಿಸು ಈ ಬಂದರು ನಾಗರಿಕತೆಯ ಫಲವೆಂದು ನಾವು ತಿಳಿಯುತ್ತೇವೆ. ಆ ಶಾವಿಗೆಗೆ ನಗರದ ಅಂಚಿನ ಷಾಹೆ ಎಂಬ ಊರಿನ ಹೆಸರೇ ನಿಂತಿದೆ.

ಆದರೆ ಗೋಧಿಯ ಶಾವಿಗೆ, ದನದ ಮಾಂಸ, ತರಕಾರಿ ಮೂರೂ ಸೇರಿ ಸಾಧಾರಣ ಸಂಸಾರದ ಊಟವಾಗಿ ನಿಂತ ಸ್ಥಳವನ್ನು ಹುಡುಕಿದರೆ ನಾವು ಪ್ರಶಾಂತ ಸಾಗರವನ್ನು ದಾಟಿ ಪೆರು ದೇಶಕ್ಕೆ ಹೋಗಬೇಕಾಗುತ್ತದೆ.

1849ರ ನವೆಂಬರ್ 17ರಂದು ಪೆರುವಿನ ಶಾಸನಸಭೆ ಕೂಲಿಗಳನ್ನು ತರಿಸುವವರಿಗೆ ತಲೆಗಿಷ್ಟೆಂದು ಬಹುಮಾನ ಕೊಡುವ ಕಾನೂನನ್ನು ಮಾಡಿತು. ಜನ ಇದನ್ನು 'ಚೀನೀ ಕಾನೂನು' ಎಂದೇ ಕರೆದರು. ನೀಗ್ರೋ ಗುಲಾಮರ ಬಿಡುಗಡೆಯಾದುದು 1854ರಲ್ಲಿ. ತೆರವಾದ ಸ್ಥಾನವನ್ನು ತುಂಬಲು ಆಳುಗಳು ಬೇಕಾಗಿದ್ದರು. 1874ರಲ್ಲಿ ಪೋರ್ಚುಗೀಸರು ಮಕಾವೋ ಬಂದರಿನಿಂದ ಈ ವ್ಯಾಪಾರವನ್ನು ನಿಲ್ಲಿಸುವವರೆಗೆ ಸುಮಾರು ಒಂದು ಲಕ್ಷ ಚೀನೀಯರು, ಬಹುಪಾಲು ಗುವಾಂಗ್‌ಡಾಂಗ್ ಪ್ರಾಂತದವರು, ಪೆರುವಿಗೆ ಸಾಗಿಸಲ್ಪಟ್ಟರು. ಒಪ್ಪಂದದ ಅವಧಿ ಎಂಟು ವರ್ಷ. ಸಂಬಳ ತಿಂಗಳಿಗೆ ನಾಲ್ಕು ಪೆಸೊ. ಊಟಕ್ಕೆ ದಿನಕ್ಕೆ ಸುಮಾರು ಒಂದೂವರೆ ಪೌಂಡು ಅಕ್ಕಿ. ಕರಾವಳಿಯ ಕಬ್ಬು ಹತ್ತಿಗಳ ತೋಟಗಳಲ್ಲಿ, ಚಿಂಚಾ ದ್ವೀಪಗಳ ಹಕ್ಕಿಹಿಕ್ಕೆಯ ಗೊಬ್ಬರದ ದಿಬ್ಬಗಳ ಮೇಲೆ ಅವರು ದುಡಿದರು. ದಾರಿಯಲ್ಲಿ ಹಡಗುಗಳಲ್ಲಿ ಸತ್ತವರು ಅನೇಕರು. ಚಿಂಚಾ ದ್ವೀಪಗಳಲ್ಲಿ ಕಡಲಿಗೆ ಹಾರಿ ಪ್ರಾಣ ಕಳೆದುಕೊಂಡವರೂ ಇದ್ದರು. ಅವರಲ್ಲಿ ಬಹುಮಂದಿ ತಮ್ಮ ಕೈಬರಹವನ್ನು ಬಿಟ್ಟುಹೋಗಲಿಲ್ಲ. ಅವರ ಬಗೆಗೆ ನಮಗೆ ದೊರೆಯುವುದು ಯಜಮಾನರ ಲೆಕ್ಕಪುಸ್ತಕ, ಒಪ್ಪಂದದ ಅಚ್ಚಾದ ಹಾಳೆ, ಮತ್ತು ಒಂದು ಅಡುಗೆ.

ಅವಧಿ ಮುಗಿದವರು ಲೀಮಾ ನಗರಕ್ಕೆ ಬಂದು ಕೇಂದ್ರ ಮಾರುಕಟ್ಟೆಯ ಪಕ್ಕದ ಕಪೋನ್ ಬೀದಿಯಲ್ಲಿ ನೆಲೆಸಿದರು. ಹಂದಿಗಳ ಬೀಜ ಒಡೆಯುತ್ತಿದ್ದ ಸ್ಥಳವಾದುದರಿಂದ ಬೀದಿಗೆ ಆ ಹೆಸರು. ಕೆಲವರು ಅಗ್ಗದ ಊಟದ ಅಂಗಡಿ ತೆರೆದರು, ಕೆಲವರು ಉಳ್ಳವರ ಮನೆಗಳಲ್ಲಿ ಅಡುಗೆಗೆ ನಿಂತರು. ಇಲ್ಲಿ ಅವರ ಕೈಗೆ ಬಂದ ಸಾಮಗ್ರಿಯನ್ನು ನೋಡಬೇಕು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ತಂದ ದನಗಳ ಮಾಂಸ ಮಾರುಕಟ್ಟೆಯಲ್ಲಿ ಬಹಿರಂಗವಾಗಿ ತೂಗುತ್ತಿತ್ತು. ಅದನ್ನು ಕೊಳ್ಳುವುದು ಅಪರಾಧವಲ್ಲ, ಕೃತಘ್ನತೆಯೂ ಅಲ್ಲ. ಟೊಮೇಟೊ, ಹಳದಿ ಮೆಣಸಿನಕಾಯಿಗಳು ಆ ನೆಲದವು. ಶಾವಿಗೆಯಂತೂ ಇಟಲಿಯದು! ಜಿನೋವಾ ಕಡೆಯಿಂದ ಬಂದ ವಲಸೆಗಾರರು ಲೀಮಾದಲ್ಲಿ ತಮ್ಮ ಹಿಟ್ಟಿನ ಎಳೆಗಳನ್ನು ರೂಢಿಗೆ ತಂದಿದ್ದರು. ಹೀಗೆ ಹುಟ್ಟಿದುದೇ 'ತಯಾರೀನ್ ಸಾಲ್ತಾದೊ', ಹುರಿದ ಶಾವಿಗೆ. ಶಾವಿಗೆಯಿಲ್ಲದೆ ಆಲೂಗೆಡ್ಡೆಯೊಡನೆ ಮಾಡಿದರೆ 'ಲೋಮೊ ಸಾಲ್ತಾದೊ'. ಮೊದಲಿನ ಮಾತು ಇಟಲಿಯಿಂದ ಸ್ಪೇನಿನ ಭಾಷೆಗೆ ಬಂದುದು, ಎರಡನೆಯದರ ಅರ್ಥ 'ನೆಗೆಯಿಸಿದ್ದು'. ಬಾಣಲೆಯನ್ನು ಕುಲುಕಿದಾಗ ಹೋಳುಗಳು ಮೇಲಕ್ಕೆ ಹಾರುವುದನ್ನು ಕಂಡವರು ಚಾವೋ ಎಂಬುದಕ್ಕೆ ಮಾಡಿದ ಅನುವಾದ ಇದು. ಫ್ರೆಂಚರ 'ಸೋತೆ' ಎಂಬುದಕ್ಕೂ ಇದೇ ಅರ್ಥ. ಮಾಂಸ, ಶಾವಿಗೆ, ತರಕಾರಿ ಮೂರೂ ಪರರವು. ಕೂಲಿಯದೆಂದು ಉಳಿದುದು ಬಾಣಲೆ, ಉರಿ, ಹೆಚ್ಚುವ ಕೈ, ಶುಂಠಿ ಮತ್ತು ಸೋಯಾ ರಸ. ಈ ಕೊನೆಯ ಎರಡಕ್ಕೆ ಪೆರುವಿನ ಸ್ಪ್ಯಾನಿಷಿನಲ್ಲಿ ಇಂದಿಗೂ 'ಕಿಯೋನ್', 'ಸಿಯಾವೊ' ಎಂಬ ಕ್ಯಾಂಟನೀಯ ಮೂಲದ ಹೆಸರುಗಳೇ ಇವೆ. ಚೀನೀ ಸಂತತಿಯೇನೂ ಇಲ್ಲದ ಗೃಹಿಣಿಯೂ ಶುಂಠಿಯನ್ನು ಹಾಗೆಯೇ ಕೇಳಿ ಕೊಳ್ಳುತ್ತಾಳೆ. 1920ರ ದಶಕದಿಂದ ಈಚೆಗೆ ಚೀನೀ ಊಟದ ಅಂಗಡಿಗೆ ಅಲ್ಲಿ 'ಚೀಫಾ' ಎಂಬ ಹೆಸರು ರೂಢವಾಯಿತು. 'ಅನ್ನ ಉಣ್ಣು' ಎಂಬ ಚೀನೀ ಮಾತಿನಿಂದ ಬಂದುದು. ಒಪ್ಪಂದದ ಹಾಳೆಯಲ್ಲಿ ತೂಕದ ಅಂಕೆಯಾಗಿದ್ದ ಅನ್ನವೇ ಅದು.

ಅಮೆರಿಕ ಸಂಯುಕ್ತ ಸಂಸ್ಥಾನದ ಕಥೆ ಹೆಚ್ಚು ಪರಿಚಿತವಾದುದರಿಂದ ಅದನ್ನು ಸಂಗ್ರಹವಾಗಿ ಹೇಳಿದರೆ ಸಾಕು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ದೊರೆತ ಮೇಲೆ ಗುವಾಂಗ್‌ಡಾಂಗಿನ ತೈಷಾನ್ ಸೀಮೆಯ ಗಂಡಸರು ಅಲ್ಲಿಗೆ ಹೋದರು. 1875ರ ಕಾನೂನು ಚೀನೀ ಹೆಂಗಸರ ಪ್ರವೇಶವನ್ನು ಬಹುಮಟ್ಟಿಗೆ ತಡೆಯಿತು, 1882ರದು ಕೂಲಿಗಾರರಿಗೆ ಬಾಗಿಲು ಹಾಕಿತು. ವ್ಯಾಪಾರಿಗಳಿಗೆ ಮಾತ್ರ ವಿನಾಯಿತಿ. 1915ರಲ್ಲಿ ನ್ಯಾಯಾಲಯದ ತೀರ್ಪೊಂದು ಊಟದಂಗಡಿಯ ಒಡೆಯನನ್ನೂ ವ್ಯಾಪಾರಿಯೆಂದು ಪರಿಗಣಿಸಿದ ಬಳಿಕ ಇಂಥ ಅಂಗಡಿಗಳು ವೇಗವಾಗಿ ಹೆಚ್ಚಿದವು. ಊರಿನಲ್ಲಿ ಒಲೆಯ ಮುಂದೆ ನಿಂತೇ ಅರಿಯದ ಅನೇಕರು ದೇಶದೊಳಗೆ ಕಾಲಿಡಲೆಂದು ಅಡುಗೆಯವರಾದರು. ಗಿರಾಕಿಗಳು ದನದ ಮಾಂಸ ತಿನ್ನುವವರು; ಆ ಮಾಂಸ ಬಾಣಲೆಗೆ ಬಂತು. ಚೀನೀ ಕೋಸಿನ ಬದಲಿಗೆ, ಇಟಲಿಯ ವಲಸೆಗಾರರು ಕ್ಯಾಲಿಫೋರ್ನಿಯಾದಲ್ಲಿ 1920ರ ದಶಕದಿಂದ ವ್ಯಾಪಾರಕ್ಕಾಗಿ ಬೆಳೆಸಿದ ಬ್ರೋಕೊಲಿ ಕಾಲಕ್ರಮದಲ್ಲಿ ಸ್ಥಾನ ಪಡೆಯಿತು. ಬಹಿಷ್ಕಾರದ ಕಾನೂನು ರದ್ದಾದುದು 1943ರಲ್ಲಿ, ಅದೂ ವರ್ಷಕ್ಕೆ 105 ಮಂದಿ ಎಂಬ ಮಿತಿಯೊಡನೆ.

ಅಂಗಡಿಯಿಂದ ಅಮೆರಿಕದ ಮನೆಯೊಳಕ್ಕೆ ಈ ವಿಧಾನವನ್ನು ಕೊಂಡೊಯ್ದ ಕೀರ್ತಿ ಬಹುಮಟ್ಟಿಗೆ ಒಬ್ಬ ವೈದ್ಯೆಗೆ ಸಲ್ಲಬೇಕು. 1889ರಲ್ಲಿ ನಾನ್‌ಜಿಂಗಿನಲ್ಲಿ ಜನಿಸಿ ಜಪಾನಿನಲ್ಲಿ ವೈದ್ಯಶಾಸ್ತ್ರ ಕಲಿತ ಬೂವೇ ಯಾಂಗ್ ಚಾವ್ ಅವರು ಭಾಷಾವಿಜ್ಞಾನಿ ಯುವೆನ್ ರೆನ್ ಚಾವ್ ಅವರ ಪತ್ನಿ. ಅವರು ಚೀನೀಯಲ್ಲಿ ಬರೆದುದನ್ನು ಮಗಳು ಇಂಗ್ಲಿಷಿಗೆ ತಿರುಗಿಸಿ, ಪತಿ ತಿದ್ದಿ, 1945ರಲ್ಲಿ ಪಾಕಗ್ರಂಥವೊಂದು ಪ್ರಕಟವಾಯಿತು. ಚಾವೋ ಎಂಬುದಕ್ಕೆ ಇಂಗ್ಲಿಷಿನಲ್ಲಿ ಈಗ ಸರ್ವತ್ರ ಬಳಕೆಯಲ್ಲಿರುವ 'ಸ್ಟರ್-ಫ್ರೈ' ಎಂಬ ಸಮಾಸ ಹುಟ್ಟಿದುದು ಆ ಪುಸ್ತಕದಲ್ಲಿ. ಭಾಷಾವಿಜ್ಞಾನಿಯ ಮನೆಯಲ್ಲಿ ಒಂದು ಕ್ರಿಯಾಪದ ಹುಟ್ಟಿದುದು ಆಕಸ್ಮಿಕವಲ್ಲವೇನೋ. ಬಳಿಕ 1966–67ರಲ್ಲಿ ಜಾಯ್ಸ್ ಚೆನ್ ಎಂಬ ಮಹಿಳೆ ಬಾಸ್ಟನ್ನಿನ ದೂರದರ್ಶನದಲ್ಲಿ ಚೀನೀ ಅಡುಗೆಯನ್ನು ಮಾಡಿ ತೋರಿಸಿದರು. ಅಮೆರಿಕದ ಚಪ್ಪಟೆ ಒಲೆಯ ಮೇಲೆ ದುಂಡು ತಳದ ಬಾಣಲೆ ನಿಲ್ಲದೆಂದು ಚಪ್ಪಟೆ ತಳದ ಬಾಣಲೆಯನ್ನು ಪ್ರಚಾರಕ್ಕೆ ತಂದವರೂ ಅವರೇ.

ನಮ್ಮ ದೇಶದಲ್ಲಿ ಇದೇ ತಿನಿಸು ಬೇರೊಂದು ದಿಕ್ಕಿನಲ್ಲಿ ನಡೆಯಿತು. ಕಲಕತ್ತೆಯ ಹಕ್ಕಾ ಚೀನೀಯರಿಂದ ಹೆಸರು ಪಡೆದ ಹುರಿದ ಶಾವಿಗೆ ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ಸಂಜೆಯ ತಳ್ಳುಗಾಡಿಗಳನ್ನು ಸೇರುವ ವೇಳೆಗೆ ಸಾಮಾನ್ಯವಾಗಿ ದನದ ಮಾಂಸವನ್ನು ಕಳಚಿಕೊಂಡಿತ್ತು. ಕೋಸು, ಕ್ಯಾರೆಟ್ಟು, ದೊಣ್ಣೆ ಮೆಣಸಿನಕಾಯಿಗಳ ಜೊತೆಗೆ ಮೊಟ್ಟೆ ಅಥವಾ ಕೋಳಿ ಆ ಸ್ಥಾನಕ್ಕೆ ಬಂತು. ಪೆರುವಿನಲ್ಲಿ ಸುತ್ತಲಿನ ಸಮಾಜ ಬಾಣಲೆಗೆ ಏನನ್ನು ಸೇರಿಸಿತೋ ಅದನ್ನೇ ಇಲ್ಲಿನ ಸಮಾಜ ತೆಗೆದುಹಾಕಿತು. ಎರಡು ಕಡೆಗಳಲ್ಲಿಯೂ ಉಳಿದುದು ಉರಿ ಮತ್ತು ಕೈಚಳಕ. ತಿನಿಸನ್ನು ಚೀನೀಯದೆಂದು ಕರೆಯಲು ಆಧಾರವಿರುವುದು ಇವೆರಡರಲ್ಲಿಯೇ ಹೊರತು ಬಡಿಸಿದ ಪದಾರ್ಥದಲ್ಲಿ ಅಲ್ಲವೆಂಬ ನಮ್ಮ ಅಭಿಪ್ರಾಯಕ್ಕೆ ಈ ಉದಾಹರಣೆ ಬೆಂಬಲ ಕೊಡುತ್ತದೆ.

ಚೀನಾದೇಶದಲ್ಲಿ ಉಳುವ ದನವನ್ನು ರಕ್ಷಿಸುವ ನೀತಿ ಚಕ್ರವರ್ತಿಗಳೊಡನೆ ಕೊನೆಗೊಳ್ಳಲಿಲ್ಲ. 1949ರಲ್ಲಿ ಸ್ಥಾಪಿತವಾದ ಜನತಾ ಗಣರಾಜ್ಯವೂ ಟ್ರ್ಯಾಕ್ಟರುಗಳು ಸಾಲದ ಕಾಲದಲ್ಲಿ ಅದನ್ನೇ ಮುಂದುವರಿಸಿತು. 1979ರಲ್ಲಿ ವಧೆಯ ನಿಯಮಗಳನ್ನು ಸಡಿಲಿಸಲಾಯಿತು. ಯಂತ್ರಗಳು ಗದ್ದೆಗಿಳಿದಂತೆ ಎತ್ತು ನೊಗದಿಂದ ಬಿಡುಗಡೆ ಪಡೆದು ಕಸಾಯಿಖಾನೆಯ ದಾರಿ ಹಿಡಿಯಿತು. 2010ರ ದಶಕದ ಕೊನೆಯಿಂದ ಪ್ರಪಂಚದಲ್ಲಿ ಅತ್ಯಧಿಕವಾಗಿ ದನದ ಮಾಂಸವನ್ನು ಆಮದು ಮಾಡಿಕೊಳ್ಳುವ ದೇಶ ಚೀನಾ. ಅದರ ಬಹುಭಾಗ ಬ್ರೆಜಿಲ್, ಅರ್ಜೆಂಟೈನಾ, ಉರುಗ್ವೆಗಳಿಂದ, ಒಂದು ಕಾಲದಲ್ಲಿ ಮಕಾವೋದ ಕೂಲಿಗಳನ್ನು ಇಳಿಸಿಕೊಂಡ ಅದೇ ಖಂಡದಿಂದ, ಹಡಗಿನಲ್ಲಿ ಬರುತ್ತದೆ.